ಉರಿ ಜೋರಿರಲಿ, ಕಾರ್ನ್‌ಫ್ಲೋರ್ ಡಬ್ಬಿಯಲ್ಲೇ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪಥ್ಯದ ಅಡುಗೆ ಹೇಳಿಕೊಡುವವಳು ಇವತ್ತು ಚೈನೀಸ್ ಬಗ್ಗೆ ಮಾತಾಡುತ್ತಾಳಂತೆ ಅಂತ ನಗಬೇಡಿ. ಸಂಜೆ ಹೊತ್ತು ಕಾರವಾರದ ಕಡಲತೀರದ ಕಡೆ ಹೋಗಿ ನೋಡಿ. ಅಂಕೋಲೆ, ಕುಮಟೆಯ ಪೇಟೆಯಲ್ಲಿ ನೋಡಿ. ಗೋಬಿ ಮಂಚೂರಿ, ನೂಡಲ್ಸ್ ಗಾಡಿ ಮುಂದೆ ಜನವೋ ಜನ. ಅದರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಮಂದಿ ಅಂತ ನನಗೆ ಮುಖ ನೋಡಿದರೇ ಗೊತ್ತಾಗುತ್ತದೆ, ಯಾಕೆಂದರೆ ಅವರು ನನ್ನನ್ನು ಕಂಡ ಕೂಡಲೇ ಪ್ಲೇಟು ಬೆನ್ನ ಹಿಂದೆ ಹಿಡಿಯುತ್ತಾರೆ. ತಿನ್ನಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಹಾಗಾಗಿ ನಾನು ಹೇಳುವುದು ಇಷ್ಟೇ. ತಿನ್ನಿ, ಮನೆಯಲ್ಲಿ ಮಾಡಿಕೊಂಡು ತಿನ್ನಿ. ಉರಿ ಜೋರು ಮಾಡಿ, ಕಾರ್ನ್‌ಫ್ಲೋರ್ ಬಿಡಿ.

ಡಾಕ್ಟರು ಕಾರ್ಬ್ ಕಡಿಮೆ ಮಾಡಿ ಅನ್ನುತ್ತಾರಲ್ಲ, ಅದು ಪಿಷ್ಟ ಮತ್ತು ಸಕ್ಕರೆ. ಒಂದು ಪ್ಲೇಟ್ ಫ್ರೈಡ್ ರೈಸ್‌ನಲ್ಲಿ 300 ಗ್ರಾಂ ಅನ್ನ ಇದ್ದರೆ ಅದರಲ್ಲೇ 80 ಗ್ರಾಂ ಮೇಲೆ ಕಾರ್ಬ್ ಬಂತು. ಅಷ್ಟೇ ತೂಕದ ಎಲೆಕೋಸಿನಲ್ಲಿ ಸುಮಾರು 17 ಗ್ರಾಂ, ಅದರಲ್ಲೂ ಏಳು ಗ್ರಾಂ ನಾರು. ಅನ್ನ, ನೂಡಲ್ಸ್ ಬಿಟ್ಟು ಆ ಜಾಗಕ್ಕೆ ಉದ್ದುದ್ದ ಹೆಚ್ಚಿದ ಕೋಸು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಇದು ಎಲ್ಲರಿಗೂ ಗೊತ್ತು.

ಗೊತ್ತಾಗದೆ ಹೊಟ್ಟೆ ಸೇರುವುದು ಸಾಸಿನಲ್ಲಿರುವುದು. ಹೂಕೋಸಿನಲ್ಲಿ 100 ಗ್ರಾಂಗೆ ಐದೇ ಗ್ರಾಂ ಕಾರ್ಬ್. ಪಾಪ, ಅದರದ್ದೇನೂ ತಪ್ಪಿಲ್ಲ. ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದು, ಟೊಮೆಟೊ ಕೆಚಪ್ ಸುರಿದು, ಚಿಟಿಕೆ ಸಕ್ಕರೆ ಹಾಕಿ, ಕೊನೆಗೆ ಕಾರ್ನ್‌ಫ್ಲೋರ್ ನೀರು ಹೊಯ್ದರೆ ಅದು ಗೋಬಿ ಮಂಚೂರಿ. ಕೆಚಪ್‌ನಲ್ಲಿ ಕಾಲು ಭಾಗ ಕಾರ್ಬ್, ಹೆಚ್ಚಿನದು ಸಕ್ಕರೆಯೇ. ಕಾರ್ನ್‌ಫ್ಲೋರ್‌ನಲ್ಲಿ 100ಕ್ಕೆ 90 ಭಾಗ ಪಿಷ್ಟ. ಬಣ್ಣದ ಮಾತು ಬೇಡ ಬಿಡಿ, 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದೆ.

ಈ ಕಾರ್ನ್‌ಫ್ಲೋರ್ ಯಾಕೆ ಬೇಕು? ಮನೆಯಲ್ಲಂತೂ ಒಂದೇ ಕಾರಣಕ್ಕೆ. ತರಕಾರಿ ನೀರು ಬಿಟ್ಟಿರುತ್ತದೆ, ಆ ನೀರನ್ನು ಗಟ್ಟಿ ಮಾಡಿ ಸಾಸ್ ಅನ್ನುತ್ತೇವೆ. ನೀರೇ ಬಿಡದ ಹಾಗೆ ಹುರಿದರೆ ಗಟ್ಟಿ ಮಾಡಲು ಏನಿದೆ?

ಈ ಪಾಠವನ್ನು ನಾನು ನೋಡಿದ್ದು ಒಂದು ಗಾಡಿಯ ಮುಂದೆ. ನಮ್ಮ ಭಾವ ಅಂಕೋಲೆಯವರು, ಸಕ್ಕರೆ ಇದೆ. ಶನಿವಾರ ಸಂಜೆಯಾದರೆ ತರಕಾರಿ ತರುತ್ತೇನೆ ಅಂತ ಚೀಲ ಹಿಡಿದು ಹೊರಡುತ್ತಾರೆ, ಚೀಲ ಖಾಲಿಯೇ ವಾಪಸ್ ಬರುತ್ತದೆ. ಅಕ್ಕ ನನಗೆ ಫೋನ್ ಮಾಡಿ, "ನೀನೇ ಬಂದು ಬುದ್ಧಿ ಹೇಳು" ಅಂದಳು. ಹೋದೆ. ಬೈಯುವ ಬದಲು ಭಾವನ ಜೊತೆ ಗಾಡಿಗೇ ಹೋದೆ. ಅಡುಗೆ ಮಾಡುತ್ತಿದ್ದವನು ನೇಪಾಳದ ಹುಡುಗ, ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದ.

ನಾನು ಬಾಣಲೆ ನೋಡಲಿಲ್ಲ, ಅವನ ಕೋಸು ನೋಡಿದೆ. ಮಧ್ಯಾಹ್ನವೇ ಹೆಚ್ಚಿ ಬಿಳಿ ಅರಿವೆ ಮೇಲೆ ಹರಡಿದ್ದ. ಮುಟ್ಟಿದೆ, ಒಂದು ಹನಿ ನೀರಿಲ್ಲ, ಮುದುರಿದರೆ ಸರಸರ ಅನ್ನುತ್ತಿತ್ತು. ಅಷ್ಟರಲ್ಲಿ ನಾಲ್ಕು ಪ್ಲೇಟ್ ಆರ್ಡರ್ ಬಂತು. ಅವನು ಎರಡೇ ಪ್ಲೇಟಿನಷ್ಟು ಬಾಣಲೆಗೆ ಹಾಕಿದ. ಕಬ್ಬಿಣದ ಬಾಣಲೆಯಿಂದ ಮೊದಲೇ ಹೊಗೆ ಏಳುತ್ತಿತ್ತು, ಕೋಸು ಬಿದ್ದ ಕೂಡಲೇ ಚರ್ ಅಂತ ಸದ್ದು, ಆ ಸದ್ದು ಕೊನೆತನಕ ನಿಲ್ಲಲಿಲ್ಲ. ಅಂಚು ಅಲ್ಲಲ್ಲಿ ಕಂದಾಗಿದೆ, ನಡು ಇನ್ನೂ ಗರಿಗರಿ. ಭಾವನಿಗೆ ತಡೆಯಲಿಲ್ಲ. "ನಾಲ್ಕೂ ಒಟ್ಟಿಗೆ ಹಾಕೋ ಮಾರಾಯ" ಅಂದರು. ಹುಡುಗ ತಲೆ ಎತ್ತದೆ ಹೇಳಿದ, "ಒಟ್ಟಿಗೆ ಹಾಕಿದರೆ ಪಲ್ಯ ಆಗುತ್ತದೆ ಸಾರ್."

ನನಗೆ ಅವನಿಗೊಂದು ಸರ್ಟಿಫಿಕೇಟ್ ಕೊಡಬೇಕು ಅನ್ನಿಸಿತು! ನೀರು ಇರುವಷ್ಟು ಹೊತ್ತು ಬಾಣಲೆಯೊಳಗಿನ ತರಕಾರಿ 100 ಡಿಗ್ರಿ ದಾಟುವುದಿಲ್ಲ, ಬೇಯುತ್ತದೆ ಅಷ್ಟೇ. ಕಂದು ಬಣ್ಣ, ಆ ಹೋಟೆಲಿನ ಘಮ ಬರಲು 140 ಡಿಗ್ರಿ ಆಸುಪಾಸಿಗೆ ಹೋಗಬೇಕು. ಒಮ್ಮೆಗೇ ರಾಶಿ ಹಾಕಿದರೆ ಬಾಣಲೆ ತಣ್ಣಗಾಗಿ ನೀರು ಬಿಡುತ್ತದೆ. ನಾನು ಬೋರ್ಡಿನ ಮೇಲೆ ಬರೆದು ಹೇಳುವುದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ.

ಆಮೇಲೆ ಅದೇ ಹುಡುಗ ಕಾರ್ನ್‌ಫ್ಲೋರ್ ನೀರಿನ ಲೋಟಕ್ಕೆ ಕೈ ಹಾಕಿದ. "ಅದ್ಯಾಕಪ್ಪಾ ತಮ್ಮಾ?" ಅಂದೆ. "ಗ್ರೇವಿ ಕೇಳುತ್ತಾರೆ ಅಕ್ಕಾ, ಅನ್ನಕ್ಕೆ ಕಲಸಿಕೊಳ್ಳುವುದಕ್ಕೆ." ಅಂದರೆ ಅದು ನಮ್ಮ ಚಪಲ. ಮಂಚೂರಿ ಅನ್ನುವುದೇ ಚೀನಾದ್ದಲ್ಲ, 1970ರ ದಶಕದ ಮುಂಬೈಯದ್ದು ಅನ್ನುತ್ತಾರೆ. ಅನ್ನವಿಲ್ಲದೆ, ಸಕ್ಕರೆಯಿಲ್ಲದೆ, ಆ ಲೋಟ ಮುಟ್ಟದೆ ಬರೀ ಕೋಸು, ಮೊಟ್ಟೆ, ಹಸಿಮೆಣಸು ಹಾಕಿ ಒಂದು ಪ್ಲೇಟ್ ಮಾಡಿಕೊಡು ಅಂದೆ. ಇವರು ಯಾರು ಅನ್ನುವ ಹಾಗೆ ಭಾವನ ಮುಖ ನೋಡಿದ. ಮಾಡಿಕೊಟ್ಟ. ಭಾವ ಒಂದೂ ಮಾತಾಡದೆ ತಿಂದರು, ನನ್ನ ಪಾಲನ್ನೂ ತಿಂದರು.

ಮಾರನೇ ದಿನ ಅಕ್ಕ ಮನೆಯಲ್ಲಿ ಮಾಡಲು ಹೊರಟಳು. ನಾನು ಜಗಲಿಯಲ್ಲಿದ್ದೆ. ಒಳಗೆ ಬಂದು ನೋಡಿದರೆ ಹೆಚ್ಚಿದ ಕೋಸನ್ನು ನಲ್ಲಿ ಕೆಳಗೆ ಹಿಡಿದು, ಸೋರುತ್ತಿದ್ದ ಹಾಗೆಯೇ ಬಾಣಲೆಗೆ ಹಾಕಿ, ಉಪ್ಪು ಉದುರಿಸಿ, ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿದ್ದಾಳೆ. ಮುಚ್ಚಳ! ತೆಗೆದರೆ ಸಾರಿನಷ್ಟು ನೀರು. ಕೈ ಆಗಲೇ ಕಾರ್ನ್‌ಫ್ಲೋರ್ ಡಬ್ಬಿಯ ಮೇಲಿತ್ತು. ಅಕ್ಕ ಈಗ ರೇಡಿಯೋ ಕೇಳುತ್ತಿದ್ದರೆ ಸಿಟ್ಟು ಮಾಡಬೇಡ ಮಾರಾಯ್ತಿ, ಎಲ್ಲರ ಮನೆಯಲ್ಲೂ ಇದೇ ನಡೆಯುತ್ತದೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಮಾಡುವ ವಿಧಾನ ಬೇಗ ಹೇಳುತ್ತೇನೆ, ಪೆನ್ನು ತೆಗೆದುಕೊಳ್ಳಿ.

ಇಬ್ಬರಿಗೆ ಕಾಲು ಕಿಲೋ ಕೋಸು. ಇಡಿಯಾಗಿ ತೊಳೆದು, ಒರೆಸಿ, ಆಮೇಲೆ ಉದ್ದಕ್ಕೆ ಹೆಚ್ಚಿ. ಅರಿವೆ ಮೇಲೆ ಹರಡಿ ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು. ಕಬ್ಬಿಣದ ಬಾಣಲೆ ಇರಲಿ, ನಾನ್‌ಸ್ಟಿಕ್ ಇಷ್ಟು ಉರಿಗೆ ಬೇಡ. ಎರಡು ಚಮಚ ಶೇಂಗಾ ಎಣ್ಣೆ. ಗಾಣದ ಕೊಬ್ಬರಿ ಎಣ್ಣೆ ಬೇಗ ಹೊಗೆಯಾಡುತ್ತದೆ, ಅದು ಬೇರೆ ಅಡುಗೆಗಿರಲಿ. ಸಿಗಡಿ ಅಂದರೆ ನಮ್ಮ ಶೆಟ್ಲಿ ಹಾಕುವವರು ಅದನ್ನೂ ಒರೆಸಿ, ಮೊಟ್ಟೆಯ ಬಿಳಿ ಸವರಿ, ಮೊದಲು ಹುರಿದು ತೆಗೆದಿಡಿ. ಶೆಟ್ಲಿಯಲ್ಲಿ ಕಾರ್ಬ್ ಇಲ್ಲವೆಂದೇ ಹೇಳಬಹುದು. ಹೋಟೆಲಿನವರು ಇದಕ್ಕೂ ಕಾರ್ನ್‌ಫ್ಲೋರ್ ಹಚ್ಚುತ್ತಾರೆ, ಬಿಳಿಯೇ ಸಾಕು. ಮತ್ತೆ ಬಾಣಲೆ ಕಾಯಲಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಹತ್ತೆಣಿಸುವಷ್ಟು ಹೊತ್ತು. ಬೀನ್ಸ್, ಕ್ಯಾಪ್ಸಿಕಂ, ಕೊನೆಗೆ ಕೋಸು, ಎರಡು ಸಲಕ್ಕೆ. ಎರಡು ನಿಮಿಷ ಸಾಕು. ಸದ್ದು ನಿಂತಿತೋ, ನೀರು ಬಿಟ್ಟಿತು ಅಂತ ತಿಳಿಯಿರಿ.

ಉಪ್ಪು ಹಾಕಬೇಡಿ, ಉಪ್ಪು ನೀರು ಎಳೆಯುತ್ತದೆ. ಒಲೆ ಆರಿಸುವ ಮುಂಚೆ ಎರಡು ಸಣ್ಣ ಚಮಚ ಸೋಯಾ ಸಾಸ್ ಬಾಣಲೆಯ ಅಂಚಿಗೆ ಬಿಡಿ, ಅದರಲ್ಲೇ ಬೇಕಾದಷ್ಟು ಉಪ್ಪಿದೆ. ಒಂದು ದೊಡ್ಡ ಚಮಚ ಸೋಯಾದಲ್ಲಿ ಎರಡು ಗ್ರಾಂ ಮೇಲೆ ಉಪ್ಪು ಇರುತ್ತದೆ, ದಿನಕ್ಕೆ ಐದು ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಳುಮೆಣಸಿನ ಪುಡಿ, ಅರ್ಧ ಚಮಚ ವಿನೆಗರ್. ಸಿಹಿ ಬೇಕೇ ಬೇಕು ಅನ್ನುವವರು ಸಕ್ಕರೆ ಬಿಟ್ಟು ಕುಮಟೆಯ ಸಿಹಿ ಈರುಳ್ಳಿ ಅರ್ಧ ಹೆಚ್ಚಿ ಹಾಕಿ. ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಜಡೆ ಕಟ್ಟಿ ತೂಗುಹಾಕಿರುತ್ತಾರಲ್ಲ, ಅದು.

ಶಿರಸಿ, ಸಿದ್ದಾಪುರದ ಕೇಳುಗರು ನಮಗೇನು ಹೇಳಿದಳು ಅನ್ನುತ್ತಿರಬಹುದು. ಮೊಟ್ಟೆ, ಮೀನು ಬೇಡದವರಿಗೆ ಪನೀರ್ ಇದೆ, ಅದನ್ನೂ ಒರೆಸಿಯೇ ಹಾಕಿ. ಇನ್ನು ಮಳೆಗಾಲದ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ. ಚೈನೀಸ್ ಹೋಟೆಲಿನವರು ಡಬ್ಬಿಯಲ್ಲಿ ತರಿಸುವುದು ಇದನ್ನೇ, ನಮ್ಮಲ್ಲಿ ತಾಜಾ ಸಿಗುತ್ತದೆ. ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಸಿ, ಬೇಯಿಸಿ ಆ ನೀರು ಚೆಲ್ಲಿ. ಆಮೇಲೆ ಹಿಂಡಿ, ಅರಿವೆಯಲ್ಲಿ ಒತ್ತಿ ಒಣಗಿಸಿ, ಕಾದ ಬಾಣಲೆಗೆ ಒಂದು ಹಿಡಿ, ಅದು ಕಂದಾದ ಮೇಲೆ ಇನ್ನೊಂದು ಹಿಡಿ. ನಮಸ್ಕಾರ.