ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದಾಗ

ಕೇಳುಗರಿಗೆಲ್ಲ ನಮಸ್ಕಾರ. ನಿಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಟಿಕ್ ಟಿಕ್ ಅನ್ನತೊಡಗಿದರೆ ಏನು ಮಾಡುತ್ತೀರಿ? ಬಹಳ ಜನ ಆಫ್ ಮಾಡಿ ಆನ್ ಮಾಡುತ್ತಾರೆ. ಮತ್ತೆ ಟಿಕ್ ಟಿಕ್. ಮತ್ತೆ ಆಫ್, ಮತ್ತೆ ಆನ್. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹೇಳಲು ಬಂದಿರುವುದು ಒಂದೇ ಮಾತು. ಹಿಂದೆಂದೂ ಕೇಳದ ಸದ್ದು ಬಂದರೆ ಡಿಸ್ಕ್ ನಿಲ್ಲಿಸಿ. ಪದೇ ಪದೇ ಆನ್ ಮಾಡಬೇಡಿ.

ಡಿಸ್ಕ್ ಒಳಗೆ ಮುಖ ಕಾಣುವಷ್ಟು ನುಣುಪಾದ ದುಂಡನೆಯ ತಟ್ಟೆಗಳಿವೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. 7200 ಅಂದರೆ ಸೆಕೆಂಡಿಗೆ 120 ಸುತ್ತು! ತಟ್ಟೆಯ ಮೇಲೆ ಓಡಾಡುವ ಒಂದು ತೋಳು, ಅದರ ತುದಿಯಲ್ಲಿ ಹೆಡ್. ಓದುವುದು, ಬರೆಯುವುದು ಎಲ್ಲ ಈ ಹೆಡ್ಡಿನ ಕೆಲಸ. ಆದರೆ ಅದು ತಟ್ಟೆಯನ್ನು ಮುಟ್ಟುವುದಿಲ್ಲ, ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ ತೇಲುತ್ತದೆ. ನಡುವಿನ ಜಾಗ ಕೆಲವೇ ನ್ಯಾನೋಮೀಟರ್. ತಲೆಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ.

ಇಷ್ಟೆಲ್ಲ ಓಡುವಾಗ ಸ್ವಲ್ಪ ಸದ್ದು ಇದ್ದೇ ಇರುತ್ತದೆ. ಸುಯ್ ಅನ್ನುವುದು ಮೋಟಾರು. ಫೈಲ್ ತೆರೆಯುವಾಗ ಗರಗರ ಅಂದರೆ ತೋಳು ಅತ್ತಿತ್ತ ಹೋಗುತ್ತಿದೆ. ಸುಮ್ನೆ ಇದ್ದಾಗ ಒಮ್ಮೆ ಟಕ್ ಅಂದರೆ ಹೆಡ್ ಪಕ್ಕಕ್ಕೆ ಹೋಗಿ ಪಾರ್ಕ್ ಆಗಿದೆ, ಅಷ್ಟೇ. ಸ್ಕ್ರೂ ಸಡಿಲವಾಗಿದ್ದರೂ ಇಡೀ ಡಬ್ಬ ಗುಂಯ್ ಅನ್ನುತ್ತದೆ. ಇವಕ್ಕೆ ಹೆದರಬೇಡಿ.

ಆದರೆ ಒಂದೇ ಲಯದಲ್ಲಿ ಟಿಕ್, ಟಿಕ್, ಟಿಕ್ ಅಂದರೆ ಹೆದರಬೇಕು. ತಾನು ಎಲ್ಲಿದ್ದೇನೆ ಅಂತ ಹೆಡ್ಡಿಗೆ ತಿಳಿಯಲು ತಟ್ಟೆಯ ಮೇಲೆ ಗುರುತುಗಳಿರುತ್ತವೆ. ಅವನ್ನು ಓದಲಾಗದಿದ್ದಾಗ ತೋಳು ಹಿಂದಕ್ಕೆ ಬಂದು ಬಡಿಯುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬಂದು ಬಡಿಯುತ್ತದೆ. ಹೆಚ್ಚಿನ ಸಲ ಹೆಡ್ಡೇ ಕೆಟ್ಟಿರುತ್ತದೆ.

ಒಂದು ಘಟನೆ ಹೇಳಲೇಬೇಕು. ಕೆಟ್ಟ ಡಿಸ್ಕಿನಿಂದ ಫೈಲ್ ಹೊರತೆಗೆಯುವುದು ನನ್ನ ಕೆಲಸ. ಸಂಶೋಧನೆ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ಟವೆಲ್ಲಿನಲ್ಲಿ ಸುತ್ತಿಕೊಂಡು ಲ್ಯಾಪ್‌ಟಾಪ್ ಡಿಸ್ಕ್ ತಂದರು. ಅದರಲ್ಲಿ ಹಿರಿಯರನ್ನು ಮಾತನಾಡಿಸಿ ಮಾಡಿದ ರೆಕಾರ್ಡಿಂಗ್‌ಗಳಿದ್ದವು. ಬೇರೆ ಪ್ರತಿ ಇರಲಿಲ್ಲ. ಸಂಜೆ ಟಿಕ್ ಟಿಕ್ ಶುರುವಾದಾಗ ಫೋಲ್ಡರುಗಳ ಹೆಸರು ಇನ್ನೂ ಕಾಣುತ್ತಿದ್ದವಂತೆ. ಗೆಳೆಯರೊಬ್ಬರು ಡಿಸ್ಕಿನ ದೋಷ ಹುಡುಕುವ ಸ್ಕ್ಯಾನ್ ಹಾಕು ಅಂದರು. ಹಾಕಿದರು. ರಾತ್ರಿಯಿಡೀ ಓಡಿತು. ನಡುರಾತ್ರಿ ಟಿಕ್ ಟಿಕ್ ನಿಂತು ಕರ್ರ್ ಅಂತ ಸಣ್ಣ ಸದ್ದು ಬಂತು. ಸರಿಹೋಗುತ್ತಿದೆ ಅಂದುಕೊಂಡು ಅವರು ಮಲಗಿದರು.

ಆ ಕರ್ರ್ ಅಂದರೆ ಹೆಡ್ ತಟ್ಟೆಯನ್ನು ಕೆರೆಯುವ ಸದ್ದು. ಧೂಳಿಲ್ಲದ ಕೋಣೆಯಲ್ಲಿ ಮುಚ್ಚಳ ತೆಗೆದೆ. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ಮೇಲೆ ಕಾಂತದ ಲೇಪ. ಲೇಪ ಬಳೆಯಾಕಾರದಲ್ಲಿ ಕೆರೆದುಹೋಗಿ, ಗಾಜಿನ ಮೂಲಕ ಆಚೆ ಬದಿ ಕಾಣುತ್ತಿತ್ತು. ಮೂಲೆಯಲ್ಲಿ ಬಿಳಿಯ ಚಿಕ್ಕ ಫಿಲ್ಟರ್ ಇರುತ್ತದೆ, ಅದು ಮಸಿಯಷ್ಟು ಕಪ್ಪಾಗಿತ್ತು. ಆ ಕರಿ ಪುಡಿಯೇ ಅವರ ರೆಕಾರ್ಡಿಂಗ್. ಅದನ್ನು ಯಾರೂ ಮರಳಿ ಕೊಡಲಾರರು. ಸಂಜೆಯೇ ನಿಲ್ಲಿಸಿದ್ದರೆ ಹೊಸ ಹೆಡ್ ಹಾಕಿ ಕಾಪಿ ಮಾಡಿಕೊಡಬಹುದಿತ್ತು. ಅದಕ್ಕೇ ಮತ್ತೆ ಹೇಳುತ್ತೇನೆ, ಸ್ಕ್ಯಾನ್ ಬೇಡ, ನಿಲ್ಲಿಸಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಹೊರಗೆ ಜೋಡಿಸುವ ಡಿಸ್ಕ್ ಕುಂಯ್ ಕುಂಯ್ ಅಂದರೆ ಕರೆಂಟ್ ಸಾಲದಿರಬಹುದು. ಬೇರೆ ಕೇಬಲ್ ಹಾಕಿ ಒಂದು ಸಲ ನೋಡಿ, ಒಂದೇ ಸಲ. ಆಗಲೂ ಕುಂಯ್ ಅಂದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು. ಫ್ರಿಜ್‌ನಲ್ಲಿ ಇಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ತಟ್ಟೆಯ ಮೇಲೆ ನೀರಿನ ಹನಿ ಕೂರುತ್ತದೆ. ತಟ್ಟಬೇಡಿ, ಮುಚ್ಚಳ ಬಿಚ್ಚಬೇಡಿ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಚಿಪ್ಪುಗಳಲ್ಲಿರುತ್ತದೆ, ತಿರುಗುವ ತಟ್ಟೆಯೇ ಇಲ್ಲ, ಅದು ಕೆಡುವಾಗ ಟಿಕ್ ಅಂತಲೂ ಅನ್ನುವುದಿಲ್ಲ. ಹಾಗಾಗಿ ಅದರಲ್ಲಿರುವುದಕ್ಕೆ ಇವತ್ತೇ ಇನ್ನೊಂದು ಪ್ರತಿ ಮಾಡಿಡಿ.

ರಿಪೇರಿಗೆ ತರುವಾಗ ಸದ್ದು ಹೇಗಿತ್ತು, ಯಾವಾಗ ಶುರುವಾಯಿತು ಅಂತ ತಿಳಿಸಿ. ಫೋನಿನಲ್ಲಿ ರೆಕಾರ್ಡ್ ಮಾಡಿ ತರೋಣ ಅಂತ ಮಾತ್ರ ಮತ್ತೆ ಆನ್ ಮಾಡಬೇಡಿ. ಬಾಯಲ್ಲಿ ಟಿಕ್ ಟಿಕ್ ಅಂದು ತೋರಿಸಿದರೂ ಸಾಕು, ನಮಗೆ ಅರ್ಥವಾಗುತ್ತದೆ. ನಮಸ್ಕಾರ.