ನಾರಿನ ಬಲವಿರುವುದು ಅದರ ಸುತ್ತಿನಲ್ಲಿ

ಕೇಳುಗ ಬಂಧುಗಳೇ, ನಮಸ್ಕಾರ.

ಶಂಕರಪುರದ ಮಲ್ಲಿಗೆ ಕಟ್ಟುವ ಬಾಳೆನಾರನ್ನೂ ದೋಣಿ ಕಟ್ಟುವ ತೆಂಗಿನ ನಾರನ್ನೂ ಎಳೆದು ನೋಡಿದವರು, ಇವುಗಳಲ್ಲಿ ಯಾವುದು ಗಟ್ಟಿ ಎಂದು ನನ್ನನ್ನು ಕೇಳುತ್ತಾರೆ. ಆ ಪ್ರಶ್ನೆಯೇ ಸಾಲದು. ಎರಡರಲ್ಲೂ ಇರುವುದು ಮುಖ್ಯವಾಗಿ ಎಳೆಎಳೆಯಾಗಿ ಬಲ ಕೊಡುವ ಸೆಲ್ಯುಲೋಸ್ ಮತ್ತು ಆ ಎಳೆಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್. ಕೋಶದ ಗೋಡೆಯಲ್ಲಿ ಸೆಲ್ಯುಲೋಸಿನ ಸೂಕ್ಷ್ಮ ಎಳೆಗಳು ನಾರಿನ ಉದ್ದಕ್ಕೆ ಯಾವ ಕೋನದಲ್ಲಿ ಓರೆಯಾಗಿ ಸುತ್ತಿಕೊಂಡಿವೆ ಎಂಬುದನ್ನು ಮೊದಲು ಕೇಳಬೇಕು.

ಬಾಳೆನಾರಿನಲ್ಲಿ ಆ ಕೋನ ಸುಮಾರು 11 ಡಿಗ್ರಿ. ಎಳೆಗಳು ಹೆಚ್ಚುಕಡಿಮೆ ನೇರವಾಗಿರುವುದರಿಂದ ಅದು ದೊಡ್ಡ ಭಾರವನ್ನು ತಡೆಯುತ್ತದೆ, ಆದರೆ ಸ್ವಲ್ಪವೇ ಹಿಗ್ಗಿ ಪಟ್ಟನೆ ತುಂಡಾಗುತ್ತದೆ. ತೆಂಗಿನ ನಾರಿನಲ್ಲಿ ಕೋನ 30ರಿಂದ 45 ಡಿಗ್ರಿ. ಎಳೆದಾಗ ಎಳೆಗಳು ಸ್ಪ್ರಿಂಗಿನಂತೆ ಬಿಚ್ಚಿಕೊಳ್ಳುವುದರಿಂದ, ಅದು ಕಡಿಮೆ ಭಾರಕ್ಕೆ ಸೋತರೂ ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗಬಲ್ಲದು.

ನಮ್ಮ ಕರಾವಳಿಯ ಹಡಗು ಕಟ್ಟುವವರು ಈ ಗುಣವನ್ನು ಚೆನ್ನಾಗಿ ಬಳಸಿಕೊಂಡಿದ್ದರು. 14ನೆಯ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಮಾಲ್ಡೀವ್ಸಿನ ವರ್ಣನೆಯಲ್ಲಿ ತೆಂಗಿನ ನಾರಿನ ಬಗ್ಗೆ ವಿವರವಾಗಿ ಬರೆದಿದ್ದಾನೆ. ಅಲ್ಲಿನವರು ಸಿಪ್ಪೆಯನ್ನು ಕಡಲತಡಿಯ ಗುಂಡಿಗಳಲ್ಲಿ ನೆನೆಹಾಕಿ, ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು. ಹೆಂಗಸರು ಅದನ್ನು ಹೊಸೆದು ಹುರಿ ಮಾಡುತ್ತಿದ್ದರು. ಭಾರತದ ಮತ್ತು ಯೆಮೆನ್ನಿನ ಹಡಗುಗಳ ಹಲಗೆಗಳನ್ನು ಆ ಹುರಿಯಿಂದಲೇ ಹೊಲಿಯುತ್ತಿದ್ದರು. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹುರಿಯಿಂದ ಹೊಲಿದದ್ದು ಬಾಗಿ ತಡೆದುಕೊಳ್ಳುತ್ತದೆ ಎಂಬ ಕಾರಣವನ್ನೂ ಅವನು ಕೊಡುತ್ತಾನೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಖಚಿತವಾದ ಆಯ್ಕೆ ನಡೆದಿತ್ತೆಂಬುದು ನನಗೆ ಇಂದಿಗೂ ರೋಮಾಂಚನ ತರುವ ವಿಷಯ. ಅಲ್ಲಿ ಬಾಳೆನಾರು ನಿಲ್ಲುತ್ತಿರಲಿಲ್ಲ, ಸುತ್ತಿನ ಕೋನವೇ ಬೇರೆ.

ನನಗೆ ಉಳಿದಿರುವ ಸಮಯ ಕಡಿಮೆ. ತೆಂಗಿನ ನಾರು ಉಪ್ಪುನೀರಿನಲ್ಲಿ ಬೇಗ ಕೊಳೆಯದಿರುವುದಕ್ಕೆ ಅದರಲ್ಲಿ ಹೇರಳವಾಗಿರುವ ಲಿಗ್ನಿನ್ ಕಾರಣ. ಸೆಲ್ಯುಲೋಸ್ ನೀರನ್ನು ಹೀರುವುದರಿಂದಲೇ, ಹೂ ಕಟ್ಟುವ ಮೊದಲು ಒದ್ದೆ ಮಾಡಿದ ಬಾಳೆನಾರು ಬೆರಳಿಗೆ ಮೆತ್ತಗಾಗುತ್ತದೆ. ಅದೇ ಗುಣ, ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆಯನ್ನು ಮಳೆಗಾಲದಲ್ಲಿ ಉಬ್ಬಿಸುತ್ತದೆ.

ಅಡಿಕೆ ಸಿಪ್ಪೆಯ ನಾರಿನಿಂದ ಹಲಗೆ ಮಾಡಹೊರಟಿರುವ ಯುವಕರೇ, ನಾರನ್ನು ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದರೆ ಮೇಲಿನ ಮೇಣ ಹೋಗಿ ಅಂಟು ಚೆನ್ನಾಗಿ ಹಿಡಿಯುತ್ತದೆ. ಆದರೆ ಪರೀಕ್ಷೆಗೆ ಕೊಟ್ಟಾಗ ಎಷ್ಟು ಭಾರಕ್ಕೆ ತುಂಡಾಯಿತೆಂಬ ಒಂದೇ ಅಂಕಿಯನ್ನು ಹಿಡಿದು ದಯವಿಟ್ಟು ಹಿಂದಿರುಗಬೇಡಿ. ತುಂಡಾಗುವ ಮೊದಲು ಎಷ್ಟು ಹಿಗ್ಗಿತು, ಎಳೆಗಳ ಕೋನ ಎಷ್ಟಿದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ.

ನಮಸ್ಕಾರ.