ಚೊಗರು ನೆಕ್ಕಿದ ನಾಲಿಗೆ

ಎಲ್ಲರಿಗೂ ನಮಸ್ಕಾರ. ವೈನ್ ಬಗ್ಗೆ ಬರೆಯುತ್ತೇನೆ ಅಂದರೆ ನಮ್ಮ ದಾವಣಗೆರೆ ಕಡೆ ಮೊದಲು ಕೇಳೋದು ಒಂದೇ ಮಾತು: "ಹಂಗಾದ್ರೆ ದಿನಾ ಕುಡೀತೀಯೇನಪ್ಪಾ?"

ಇಲ್ಲ, ಉಗುಳುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಸಾಲಾಗಿ ಮೂವತ್ತು ನಲವತ್ತು ಲೋಟ ಇಟ್ಟಿರುತ್ತಾರೆ. ಮೂಸಬೇಕು, ಒಂದು ಗುಟುಕು ಬಾಯಲ್ಲಿ ಆಡಿಸಬೇಕು, ಪಕ್ಕದ ಡಬ್ಬಕ್ಕೆ ಉಗುಳಬೇಕು. ಎಲ್ಲಾ ನುಂಗುತ್ತಾ ಹೋದರೆ ಅರ್ಧ ಸಾಲಿಗೇ ಪೆನ್ನು ಕೈಯಲ್ಲಿ ನಿಲ್ಲುವುದಿಲ್ಲ. ಅಮ್ಮ ಇದನ್ನು ನಂಬಲೇ ಇಲ್ಲ. ಅಜ್ಜಿ ನಂಬಿದಳು. ದಿನವಿಡೀ ಎಲೆ ಅಡಿಕೆ ಹಾಕಿ ಉಗುಳುವವಳಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ನಮ್ಮದು ಚನ್ನಗಿರಿ ಕಡೆಯ ಅಡಿಕೆ ಮನೆ. ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಿದ್ದರು. ಬೇಯಿಸಿದ ನೀರು ಕೆಂಪಗೆ ಮಂದ ಆಗುತ್ತದಲ್ಲ, ಚೊಗರು, ಅದಕ್ಕೆ ಒಮ್ಮೆ ಬೆರಳು ಅದ್ದಿ ನೆಕ್ಕಿದ್ದೆ. ನಾಲಿಗೆ ಒಣ ತೊಗಲಾಯಿತು. ಕೆನ್ನೆಯನ್ನು ಒಳಗಿಂದ ಯಾರೋ ಹಿಡಿದು ಎಳೆದ ಹಾಗೆ. ನೀರು ಕುಡಿದರೂ ಹೋಗಲಿಲ್ಲ.

ಎಷ್ಟೋ ವರ್ಷದ ಮೇಲೆ ವಿಜಯಪುರದ ಕಡೆ ಒಬ್ಬರು ಪೀಪಾಯಿಯಿಂದ ಎಳೆಯ ಕೆಂಪು ವೈನ್ ಬಗ್ಗಿಸಿ ಕೊಟ್ಟರು. ಬಾಯಿಗೆ ಹಾಕಿದ್ದೇ ತಡ, ಅದೇ ತೊಗಲು, ಅದೇ ಕೆನ್ನೆ. ಟ್ಯಾನಿನ್ ಅಂತಾರೆ ಇದಕ್ಕೆ. ನಾನು ಓದಿದ ಇಂಗ್ಲಿಷ್ ಪುಸ್ತಕಗಳು ಅದನ್ನು ವಿವರಿಸಲು ಪುಟಗಟ್ಟಲೆ ಒದ್ದಾಡುತ್ತವೆ. ನಮಗೆ 'ಒಗರು' ಅಂದರೆ ಮುಗೀತು, ಅಲ್ವಾ? ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇಲ್ಲ. ರಸವನ್ನು ಸಿಪ್ಪೆ ಸಮೇತ ಹುದುಗಲು ಬಿಟ್ಟಾಗ ಕೆಂಪೂ ಒಗರೂ ಅದರಿಂದ ಇಳಿಯುತ್ತವೆ.

ಮೊದಮೊದಲು ನಾನೂ 'ಬ್ಲ್ಯಾಕ್‌ಕರಂಟ್ ವಾಸನೆ' ಅಂತ ಬರೆದೆ. ಆ ಹಣ್ಣನ್ನು ಕಣ್ಣಲ್ಲಿ ಕಂಡಿರಲಿಲ್ಲ. ಸುಮ್ನೆ ಕಾಪಿ. ಈಗ ನೇರಳೆ, ಹುಣಸೆ, ಮಳೆ ಬಿದ್ದ ಎರೆ ಹೊಲ ಅಂತ ಬರೆಯುತ್ತೇನೆ.

ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮಲ್ಲಿ ಅದಕ್ಕೆ ಅಂಥ ನಿದ್ದೆಯಿಲ್ಲ. ಏಪ್ರಿಲ್‌ನಲ್ಲೊಂದು ಚಾಟ್ನಿ, ಅಂದರೆ ಬಳ್ಳಿ ಸವರುವುದು, ಅಕ್ಟೋಬರ್‌ನಲ್ಲೊಂದು ಚಾಟ್ನಿ, ಫೆಬ್ರವರಿ ಮಾರ್ಚ್‌ನಲ್ಲಿ ಕೊಯ್ಲು. ಅಲ್ಲಿನ ಪಂಚಾಂಗ ಹಿಡಿದುಕೊಂಡು ಇಲ್ಲಿನ ವೈನ್ ಅಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಕೋಪವೇ.

ಹೆಸರು ನೋಡಿ ರುಚಿ ಹೇಳುವ ಚಾಳಿ ಎಲ್ಲರಿಗೂ ಇದೆ. 1976ರಲ್ಲಿ ಪ್ಯಾರಿಸ್‌ನಲ್ಲಿ, ಅಲ್ಲೇ ವೈನ್ ಅಂಗಡಿ ಇಟ್ಟಿದ್ದ ಇಂಗ್ಲೆಂಡಿನ ಸ್ಟೀವನ್ ಸ್ಪರಿಯರ್ ಬಾಟಲಿಯ ಹೆಸರು ಮುಚ್ಚಿಟ್ಟು ಫ್ರೆಂಚ್ ಪರಿಣತರಿಗೆ ವೈನ್ ಕುಡಿಸಿದರು. ಬಿಳಿಯಲ್ಲೂ ಕೆಂಪಿನಲ್ಲೂ ಮೊದಲು ಬಂದದ್ದು ಕ್ಯಾಲಿಫೋರ್ನಿಯಾ! ಅಲ್ಲಿದ್ದ ಪತ್ರಕರ್ತ ಒಬ್ಬರೇ, 'ಟೈಮ್' ಪತ್ರಿಕೆಯ ಜಾರ್ಜ್ ಟೇಬರ್. ಉಳಿದವರು ಬಂದಿರಲಿಲ್ಲ. ಫ್ರಾನ್ಸೇ ಗೆಲ್ಲೋದು, ಅದರಲ್ಲಿ ಸುದ್ದಿ ಏನಿದೆ ಅಂದುಕೊಂಡಿರಬೇಕು.

ನನ್ನದೂ ಒಂದು ಕಥೆ ಇದೆ. ಒಂದು ದಿನ ಇದೇ ಊರಲ್ಲಿ ಮಂಡಕ್ಕಿ ಜತೆ ನಾಲ್ಕು ಮಿರ್ಚಿ ತಿಂದು ಹಾಗೇ ಬಸ್ ಹತ್ತಿದೆ. ಸಂಜೆ ಬೆಂಗಳೂರಿನಲ್ಲಿ ಹೆಸರು ಮುಚ್ಚಿದ ಹನ್ನೆರಡು ಕೆಂಪು ವೈನ್. ಹೊರಡುವ ಮೊದಲು ಇನ್ನೆರಡು ಮಿರ್ಚಿ ಕಟ್ಟಿಸಿಕೊಂಡಿದ್ದೆ, ಅವನ್ನು ಬಾಗಿಲ ಹತ್ತಿರವೇ ಮುಗಿಸಿದ್ದೆ. ಖಾರದ ಬಾಯಿಗೆ ಒಗರು ಇನ್ನೂ ಜಾಸ್ತಿ ಆಗುತ್ತದೆ, ಮದ್ಯ ಉರಿಯುತ್ತದೆ. ಏಳನೇ ಲೋಟಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟೆ. ಮುಸುಕು ತೆಗೆದರೆ, ಹಿಂದಿನ ತಿಂಗಳಷ್ಟೇ ನಾನು ಹೊಗಳಿ ಬರೆದಿದ್ದ ವೈನ್ ಅದು.

ಇವತ್ತು ಲೋಟಗಳಿಲ್ಲ. ಆಚೆ ಮಿರ್ಚಿ ಕರಿಯುವ ವಾಸನೆ ಆಗಲೇ ಬರುತ್ತಿದೆ. ಪ್ರಶ್ನೆಗಳಿದ್ದರೆ ಅಲ್ಲೇ ಕೇಳಿ.